‘ಸ್ಟಾಕ್ ಇಲ್ಲ’ ಅಂದರೆ ವಹಿ ಕೇಳಿ: ಮಂಡ್ಯ, ಮೈಸೂರಿನಲ್ಲಿ ಆರೋಗ್ಯ ಇಲಾಖೆಗೆ ಆರ್‌ಟಿಐ ಅರ್ಜಿ ಹಾಕುವುದು ಹೇಗೆ?

ಹೋದ ವರ್ಷ ಜೂನ್ 12. ಚಿಕ್ಕಪ್ಪ ಗದ್ದೆಗೆ ನೀರು ತಿರುಗಿಸಿ ಬರುವಾಗ ಬೀದಿನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿತು. ಸೋಪು ಹಚ್ಚಿ ನಲ್ಲಿ ಕೆಳಗೆ ಕಾಲು ಚೆನ್ನಾಗಿ ತೊಳೆಸಿ, ಬೈಕಿನಲ್ಲಿ ಕೂರಿಸಿಕೊಂಡು ನಮ್ಮ ಹೋಬಳಿಯ ಆರೋಗ್ಯ ಕೇಂದ್ರಕ್ಕೆ ಹೋದೆ. ‘ಲಸಿಕೆ ಸ್ಟಾಕ್ ಇಲ್ಲ ಅಣ್ಣ, ಮಂಡ್ಯಕ್ಕೆ ಕರ್ಕೊಂಡೋಗಿ’ ಅಂದರು ಸಿಸ್ಟರ್. ಹೋದೆವು, ಹಾಕಿಸಿಕೊಂಡು ಬಂದೆವು. ಆದರೆ ದಾರಿಯುದ್ದಕ್ಕೂ ಚಿಕ್ಕಪ್ಪನದು ಒಂದೇ ಮಾತು: ‘ಇಟ್ಕಂಡು ಇಲ್ಲ ಅಂತಾರೆ ಕಣೋ.’ ನನಗೂ ಹಾಗೇ ಅನ್ನಿಸಿತ್ತು.

ಜಗಳ ಆಡಬಹುದಿತ್ತು. ಆಡಲಿಲ್ಲ. ಬದಲಿಗೆ ಮಾಹಿತಿ ಹಕ್ಕು ಕಾಯ್ದೆಯ (ಆರ್‌ಟಿಐ) ಕೆಳಗೆ ಹತ್ತು ರೂಪಾಯಿ ಕಟ್ಟಿ ದಾಸ್ತಾನು ವಹಿಯ, ಅಂದರೆ ಸ್ಟಾಕ್ ಪುಸ್ತಕದ, ನಕಲು ಕೇಳಿದೆ. ಆ ಅರ್ಜಿಯ ಓಡಾಟದಲ್ಲಿ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು: ಆರ್‌ಟಿಐ ಬೇಕೇ ಬೇಕಾ?

ಎಷ್ಟೋ ಕೆಲಸಕ್ಕೆ ಬೇಡ. ನಿಮ್ಮದೇ ಅಥವಾ ನಿಮ್ಮ ಮನೆಯವರ ಕೇಸ್ ಶೀಟ್, ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಸಾರಾಂಶ ಬೇಕಿದ್ದರೆ ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಒಂದು ಸಾದಾ ಅರ್ಜಿ ಕೊಡಿ. ವೈದ್ಯರ ನಡವಳಿಕೆಗೆ 2002ರಲ್ಲಿ ಮಾಡಿದ ನಿಯಮಗಳ ಪ್ರಕಾರ, ರೋಗಿ ಅಥವಾ ರೋಗಿ ಒಪ್ಪಿಗೆ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡಿರಬೇಕು ಅಂತಲೂ ಅದರಲ್ಲೇ ಇದೆ. ಇದು ಖಾಸಗಿ ಆಸ್ಪತ್ರೆಗೂ ಅನ್ವಯ. 72 ಗಂಟೆ ಇರುವ ಕಡೆ ಆರ್‌ಟಿಐನ 30 ದಿನದ ದಾರಿ ಹಿಡಿಯುವುದು ಯಾಕೆ, ಅಲ್ವಾ?

ಡಾಕ್ಟರ್ ಬರುತ್ತಿಲ್ಲ, ಶೌಚಾಲಯ ಗಲೀಜು ಅನ್ನುವ ದೂರಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೋ ಸರ್ಕಾರದ ದೂರು ಸಹಾಯವಾಣಿ 1902ಕ್ಕೋ ಫೋನ್ ಮಾಡಿ. ಆರ್‌ಟಿಐ ದೂರಿನ ಪೆಟ್ಟಿಗೆ ಅಲ್ಲ. ಅದು ಕಾಗದ ಕೊಡಿಸುತ್ತದೆ, ಅಷ್ಟೇ. ಆ ಕಾಗದ ಇಟ್ಟುಕೊಂಡು ಮುಂದೆ ಏನು ಬೇಕಾದರೂ ಮಾಡಬಹುದು.

ಇನ್ನೊಂದು ವಿಷಯ. ಕಾಯ್ದೆಯ ಸೆಕ್ಷನ್ 4(1)(ಬಿ) ಪ್ರಕಾರ ಪ್ರತಿ ಕಚೇರಿಯೂ 17 ಅಂಶಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಯಾರ್ಯಾರು ಕೆಲಸದಲ್ಲಿದ್ದಾರೆ, ಅವರ ಸಂಬಳ ಎಷ್ಟು, ಬಜೆಟ್ ಎಷ್ಟು, ಆರ್‌ಟಿಐ ಅರ್ಜಿಗೆ ಉತ್ತರ ಕೊಡುವ ಮಾಹಿತಿ ಅಧಿಕಾರಿ ಯಾರು, ಎಲ್ಲ ಅದರಲ್ಲಿ ಬರುತ್ತದೆ. ಕಚೇರಿಗೆ ಹೋಗಿ ‘ನಿಮ್ಮ 4(1)(ಬಿ) ಪುಸ್ತಕ ಕೊಡಿ, ನೋಡ್ತೀನಿ’ ಅನ್ನಿ. ಕೆಲವು ಕಡೆ ಧೂಳು ಕೊಡವಿ ಕೊಡುತ್ತಾರೆ. ಕೆಲವು ಕಡೆ ಹಾಗಂದರೇನು ಅಂತ ನಿಮ್ಮನ್ನೇ ಕೇಳುತ್ತಾರೆ.

ಕಾಗದ ಯಾರ ಮೇಜಿನ ಮೇಲಿದೆ?

ಜನ ‘ಆರೋಗ್ಯ ಇಲಾಖೆ’ ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಒಳಗೆ ನೋಡಿದರೆ ಬೇರೆ ಬೇರೆ ಮನೆಗಳು.

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಮೇಲೆ ತಾಲ್ಲೂಕು ಆರೋಗ್ಯಾಧಿಕಾರಿ, ಅದರ ಮೇಲೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ, ಅಂದರೆ ಎಲ್ಲರ ಬಾಯಲ್ಲಿ ಡಿಎಚ್‌ಒ. ಇದು ಒಂದು ಸಾಲು. ಮಂಡ್ಯದ ಮಿಮ್ಸ್ (ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಆಸ್ಪತ್ರೆ ಈ ಸಾಲಿನಲ್ಲಿ ಬರುವುದಿಲ್ಲ. ಅದು ವೈದ್ಯಕೀಯ ಶಿಕ್ಷಣ ಇಲಾಖೆಯ ಕಡೆಯ ಸ್ವಾಯತ್ತ ಸಂಸ್ಥೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ ಕೂಡ ಹಾಗೇ. ಅವು 1924ರಲ್ಲಿ ಶುರುವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದವು. ಚೆಲುವಾಂಬದ ಹೆರಿಗೆ ವಾರ್ಡಿನ ಲೆಕ್ಕವನ್ನು ಡಿಎಚ್‌ಒ ಕಚೇರಿಗೆ ಕೇಳಿದರೆ ಅರ್ಜಿ ಊರೆಲ್ಲಾ ಸುತ್ತುತ್ತದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇನ್ನೂ ಬೇರೆ: ಅದು ಕೇಂದ್ರ ಸರ್ಕಾರದ್ದು. ಅದಕ್ಕೆ ಕೇಂದ್ರದ ನಿಯಮ, ಕೇಂದ್ರದ ಪೋರ್ಟಲ್. ಸೊಳ್ಳೆಗೆ ಹೊಗೆ ಹೊಡೆದ ಲೆಕ್ಕ ಬೇಕಿದ್ದರೆ ಮೈಸೂರಿನಲ್ಲಿ ಪಾಲಿಕೆಯ ಆರೋಗ್ಯ ಶಾಖೆ, ಮಂಡ್ಯದಲ್ಲಿ ನಗರಾಡಳಿತ.

ಖಾಸಗಿ ಆಸ್ಪತ್ರೆಗೆ ನೇರವಾಗಿ ಆರ್‌ಟಿಐ ಹಾಕಲು ಬರುವುದಿಲ್ಲ. ಆದರೆ ಒಂದು ಕಿಂಡಿ ಇದೆ. ಖಾಸಗಿ ಸಂಸ್ಥೆಯ ಯಾವ ಮಾಹಿತಿಯನ್ನು ಸರ್ಕಾರಿ ಕಚೇರಿ ಬೇರೆ ಕಾನೂನಿನ ಕೆಳಗೆ ತರಿಸಿಕೊಳ್ಳಬಹುದೋ, ಅದೂ ‘ಮಾಹಿತಿ’ಯೇ ಅನ್ನುತ್ತದೆ ಸೆಕ್ಷನ್ 2(ಎಫ್). ಕೆಪಿಎಂಇ ಅಂತ ಕರೆಯುವ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ಎಲ್ಲ ಖಾಸಗಿ ಕ್ಲಿನಿಕ್, ನರ್ಸಿಂಗ್ ಹೋಂ ನೋಂದಣಿ ಮಾಡಿಸಬೇಕು. ನೋಂದಣಿ ಕಡತ ಡಿಎಚ್‌ಒ ಕಚೇರಿಯಲ್ಲಿ ಇರುತ್ತದೆ. ಹಾಗಾಗಿ ‘ಈ ನರ್ಸಿಂಗ್ ಹೋಮಿನ ನೋಂದಣಿ ಪತ್ರ ಮತ್ತು ತಪಾಸಣಾ ವರದಿಯ ನಕಲು ಕೊಡಿ’ ಅಂತ ಅಲ್ಲಿ ಕೇಳಬಹುದು.

ಸ್ಕ್ಯಾನಿಂಗ್ ಸೆಂಟರ್‌ಗಳದ್ದೂ ಇದೇ ದಾರಿ. 2023ರ ಕೊನೆಯಲ್ಲಿ ಮಂಡ್ಯದ ಕಡೆ ಆಲೆಮನೆಯೊಳಗೆ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಿಗೆ ಬಂತಲ್ಲ, ಬೆಲ್ಲ ಬೇಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಮಷೀನ್! ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಸೆಂಟರ್ ನೋಂದಣಿಯಾಗಿವೆ, ಯಾವ ದಿನ ತಪಾಸಣೆ ಆಯಿತು, ಎಷ್ಟಕ್ಕೆ ಬೀಗ ಬಿತ್ತು ಅಂತ ಕೇಳುವುದು ನಿಮ್ಮ ಹಕ್ಕು. ಗರ್ಭಿಣಿಯರ ಹೆಸರು ಕೇಳಬೇಡಿ. ಕೊಡುವುದಿಲ್ಲ, ಕೊಡಲೂಬಾರದು.

ತಪ್ಪು ಕಚೇರಿಗೆ ಹಾಕಿಬಿಟ್ಟರೆ? ಗಾಬರಿ ಬೇಡ. ಸೆಕ್ಷನ್ 6(3)ರ ಪ್ರಕಾರ ಅವರೇ 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಿ ನಿಮಗೂ ತಿಳಿಸಬೇಕು.

ಯಾವ ವಹಿ ಅಂತ ಗೊತ್ತು ಮಾಡಿಕೊಳ್ಳಿ

ಅರ್ಜಿ ಗೆಲ್ಲುವುದೂ ಸೋಲುವುದೂ ಇಲ್ಲೇ. ನನ್ನ ಮೊದಲ ಕರಡು ಹೀಗಿತ್ತು:

‘ಜೂನ್ 12ರಂದು ನಾಯಿ ಕಚ್ಚಿದ ರೋಗಿಗೆ ಲಸಿಕೆ ಯಾಕೆ ಕೊಡಲಿಲ್ಲ? ಲಸಿಕೆ ಇಲ್ಲದಿರಲು ಯಾರು ಹೊಣೆ? ಬಡವರ ಜೀವಕ್ಕೆ ಬೆಲೆ ಇಲ್ಲವೇ?’

ಬರೆದು ಮುಗಿಸಿದಾಗ ಹೊಟ್ಟೆ ತಣ್ಣಗಾಯಿತು. ಕಳಿಸಿದ್ದರೆ ಒಂದೇ ಸಾಲಿನ ಹಿಂಬರಹ ಬರುತ್ತಿತ್ತು: ಪ್ರಶ್ನೆ ರೂಪದಲ್ಲಿ ಕೇಳಿದ್ದಕ್ಕೆ ಉತ್ತರಿಸಲು ಅವಕಾಶವಿಲ್ಲ. ಅದು ತಪ್ಪೂ ಅಲ್ಲ. ಕಚೇರಿಯಲ್ಲಿ ಆಗಲೇ ಇರುವ ದಾಖಲೆಯನ್ನು ಕೊಡಬೇಕೇ ಹೊರತು, ಇಲ್ಲದ್ದನ್ನು ಹೊಸದಾಗಿ ತಯಾರಿಸಿ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

‘ಯಾಕೆ’ ಅನ್ನುವುದಕ್ಕೆ ವಹಿ ಇಲ್ಲ. ‘ಎಷ್ಟು’, ‘ಯಾವತ್ತು’, ‘ಯಾರ ಸಹಿ’ ಇವಕ್ಕೆ ಇದೆ. ಒಂದು ಆರೋಗ್ಯ ಕೇಂದ್ರದಲ್ಲಿ ಏನೇನು ಬರೆದಿಡುತ್ತಾರೆ ನೋಡಿ. ಔಷಧಕ್ಕೆ ದಾಸ್ತಾನು ವಹಿ ಇದೆ: ಬಂದದ್ದು, ಹೋದದ್ದು, ಉಳಿದದ್ದು, ದಿನಾಂಕದ ಸಮೇತ. ಬೇಕು ಅಂತ ಮೇಲಕ್ಕೆ ಬರೆಯುವುದು ಇಂಡೆಂಟ್. ಉಗ್ರಾಣದಿಂದ ಔಷಧ ಬಂದಾಗ ಜೊತೆಗೊಂದು ಬಿಲ್ಲು. ಹೊರರೋಗಿಗಳಿಗೆ ಓಪಿಡಿ ವಹಿ. ಸಿಬ್ಬಂದಿಗೆ ಹಾಜರಾತಿ, ಜೊತೆಗೆ ಚಲನವಲನ ವಹಿ. ಡಾಕ್ಟರು ‘ಮೀಟಿಂಗಿಗೆ ಹೋಗಿದ್ದಾರೆ’ ಅಂತ ಹೇಳಿದ ದಿನ ಆ ವಹಿಯಲ್ಲಿ ಏನು ಬರೆದಿದೆ ಅನ್ನುವುದು ಬಹಳ ಸ್ವಾರಸ್ಯದ ಓದು. ಆರೋಗ್ಯ ರಕ್ಷಾ ಸಮಿತಿಯ ದುಡ್ಡಿಗೆ ನಗದು ಪುಸ್ತಕ, ವೋಚರ್, ಸಭೆಯ ನಡಾವಳಿ. ನಿಮ್ಮ ಕೋಪವನ್ನು ಇವುಗಳಲ್ಲಿ ಒಂದರ ಹೆಸರಿಗೆ ಇಳಿಸಿಕೊಳ್ಳಿ.

ಕರ್ನಾಟಕದ ನಿಯಮದಲ್ಲಿ ಇನ್ನೊಂದು ಕಟ್ಟು ಇದೆ. ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಲಸಿಕೆ, ಹಾಜರಾತಿ, ಕಟ್ಟಡ ರಿಪೇರಿ ಮೂರನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಆ ಒಂದೇ ಕಾರಣಕ್ಕೆ ವಾಪಸ್ ಬರಬಹುದು. ಕೊನೆಗೆ ನಾನು ಕಳಿಸಿದ್ದು ಇಷ್ಟು:

‘ವಿಷಯ: ರೇಬೀಸ್ ನಿರೋಧಕ ಲಸಿಕೆಯ ದಾಸ್ತಾನು. ಅವಧಿ: ಮೇ 1ರಿಂದ ಜೂನ್ 20ರವರೆಗೆ. ತಮ್ಮ ಕೇಂದ್ರದ ಈ ದಾಖಲೆಗಳ ದೃಢೀಕೃತ ನಕಲುಗಳನ್ನು ಕೊಡಿ. 1) ದಾಸ್ತಾನು ವಹಿಯಲ್ಲಿ ಈ ಲಸಿಕೆಯ ಪುಟಗಳು. 2) ಈ ಲಸಿಕೆಗಾಗಿ ಕಳಿಸಿದ ಇಂಡೆಂಟ್‌ಗಳು, ಕಳಿಸಿದ ದಿನಾಂಕ ಕಾಣುವಂತೆ. 3) ಲಸಿಕೆ ಬಂದದ್ದಕ್ಕೆ ಉಗ್ರಾಣದ ಬಿಲ್ಲುಗಳು. 4) ಲಸಿಕೆ ಕೊಟ್ಟ ವಹಿಯ ಪುಟಗಳು, ರೋಗಿಗಳ ಹೆಸರು, ವಿಳಾಸ ಮರೆಮಾಡಿ.’

ನಾಲ್ಕನೆಯದನ್ನು ಸ್ವಲ್ಪ ಗಮನಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆಯನ್ನು ಚರ್ಮದೊಳಗೆ ಚೂರೇ ಚೂರು ಕೊಡುತ್ತಾರೆ: ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಹಾಗಾಗಿ ಒಂದು ವಯಲ್ (ಲಸಿಕೆಯ ಪುಟ್ಟ ಸೀಸೆ) ಒಬ್ಬರಿಗಿಂತ ಜಾಸ್ತಿ ಜನಕ್ಕೆ ಆಗುತ್ತದೆ. ವಯಲ್ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೇ ಕತೆ ತಿಳಿಯುವುದು. ಹೆಸರು ಮರೆಮಾಡಿ ಅಂತ ನಾವೇ ಬರೆದರೆ ‘ವೈಯಕ್ತಿಕ ಮಾಹಿತಿ’ ಅಂತ ಇಡೀ ವಹಿಯನ್ನೇ ನಿರಾಕರಿಸಲು ನೆಪ ಇರುವುದಿಲ್ಲ. ಕೊಡಬಾರದ ಭಾಗ ತೆಗೆದು ಉಳಿದದ್ದು ಕೊಡಿ ಅನ್ನುವುದಕ್ಕೆ ಸೆಕ್ಷನ್ 10 ಇದೆ.

ಹಾವಿನ ಕಡಿತದ್ದೂ ಹೀಗೇ ಕೇಳಬಹುದು. ಕಬ್ಬು, ಭತ್ತದ ನಾಡು ನಮ್ಮದು, ಹಾವಿಗೇನು ಬರವಿಲ್ಲ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿದೆ. ಅಂದರೆ ಎಷ್ಟು ಕಡಿತ ಅನ್ನುವ ಲೆಕ್ಕ ಕಚೇರಿಯಲ್ಲಿ ಇರಲೇಬೇಕು.

ಬರೆಯುವುದು, ಕಟ್ಟುವುದು, ಕಳಿಸುವುದು

ನಮೂನೆ ‘ಎ’ ಅಂತ ಇದೆ, ಜೆರಾಕ್ಸ್ ಅಂಗಡಿಗಳಲ್ಲೂ ಸಿಗುತ್ತದೆ. ಹೆಸರು, ವಿಳಾಸ, ಬೇಕಾದ ಮಾಹಿತಿ, ಅವಧಿ, ಶುಲ್ಕದ ವಿವರ, ಸಹಿ. ಕನ್ನಡದಲ್ಲೇ ಬರೆಯಿರಿ. ಕಾರಣ ಬರೆಯಬೇಕಾಗಿಯೇ ಇಲ್ಲ. ಸೆಕ್ಷನ್ 6(2) ಸ್ಪಷ್ಟವಾಗಿ ಹೇಳುತ್ತದೆ: ಯಾಕೆ ಬೇಕು ಅಂತ ಅರ್ಜಿದಾರನನ್ನು ಕೇಳುವಂತಿಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಬರೆದುಕೊಳ್ಳಲು ನೆರವಾಗುವುದು ಮಾಹಿತಿ ಅಧಿಕಾರಿಯ ಕೆಲಸ.

ಶುಲ್ಕ ₹10. ಪೋಸ್ಟಾಫೀಸಿನಲ್ಲಿ ಪೋಸ್ಟಲ್ ಆರ್ಡರ್ ತೆಗೆದುಕೊಳ್ಳಿ. ಅಧಿಕಾರಿಯ ಹೆಸರಿಗಲ್ಲ, ಹುದ್ದೆಗೆ ಬರೆಯಿರಿ. ಹೆಸರಿಗೆ ಬರೆದು, ಅವರು ವರ್ಗವಾದರೆ ಅದೊಂದು ತಲೆನೋವು. ಪೋಸ್ಟಲ್ ಆರ್ಡರ್ ನಂಬರನ್ನು ಅರ್ಜಿಯಲ್ಲಿ ನಮೂದಿಸಿ, ಎರಡರದ್ದೂ ಫೋಟೋ ತೆಗೆದಿಟ್ಟುಕೊಳ್ಳಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ, ಕಾರ್ಡಿನ ನಕಲು ಲಗತ್ತಿಸಿದರೆ ಸಾಕು.

ಮಾಹಿತಿ ಅಧಿಕಾರಿ ಯಾರು ಅನ್ನುವುದು ಕಚೇರಿಯ ಬೋರ್ಡಿನಲ್ಲಿ ಇರಬೇಕು. ಕೆಳಗೆ ಮೊದಲ ಮೇಲ್ಮನವಿ ಅಧಿಕಾರಿಯ ಹುದ್ದೆಯೂ ಇರುತ್ತದೆ. ಅದನ್ನೂ ಫೋಟೋ ತೆಗೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೈಯಾರೆ ಕೊಟ್ಟರೆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸೀಲಿಲ್ಲದೆ ಕೊಟ್ಟು ಬಂದ ಅರ್ಜಿ ಕಾವೇರಿಗೆ ಎಸೆದ ಹಾಗೆ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ಮಾಡಿ. ರಿಜಿಸ್ಟರ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ತಲುಪಿದ ದಿನವನ್ನು ಆನ್‌ಲೈನಿನಲ್ಲಿ ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಾಜ್ಯ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್ ಕೂಡ ಇದೆ, ಅಲ್ಲೇ ದುಡ್ಡೂ ಕಟ್ಟಬಹುದು. ನಿಮಗೆ ಬೇಕಾದ ಕಚೇರಿ ಪಟ್ಟಿಯಲ್ಲಿದ್ದರೆ ಅದೇ ಸಲೀಸು.

ಆ 30 ದಿನ

ಅರ್ಜಿ ಕಚೇರಿಗೆ ತಲುಪಿದ ದಿನದಿಂದ 30 ದಿನ. ಒಬ್ಬರ ಪ್ರಾಣ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಅದನ್ನು ನಿಜವಾಗಿ ಹಾಗಿದ್ದಾಗ ಮಾತ್ರ ಬಳಸಿ. ಎಲ್ಲದಕ್ಕೂ ‘ಪ್ರಾಣಕ್ಕೆ ಸಂಬಂಧಿಸಿದ್ದು’ ಅಂತ ಬರೆದರೆ ಯಾರೂ ನಂಬುವುದಿಲ್ಲ.

ಈ ನಡುವೆ ಬರಬಹುದಾದದ್ದು ಮೂರು. ಒಂದು, ಶುಲ್ಕದ ಪತ್ರ: ಇಷ್ಟು ಪುಟ, ಪುಟಕ್ಕೆ ₹2, ಒಟ್ಟು ಇಷ್ಟು ಕಟ್ಟಿ ಅಂತ. ತಡ ಮಾಡದೆ ಕಟ್ಟಿ. ಪತ್ರ ಹೊರಟ ದಿನದಿಂದ ನೀವು ಕಟ್ಟುವ ದಿನದವರೆಗೆ ಗಡಿಯಾರ ನಿಂತಿರುತ್ತದೆ. ಪುಟ ಸಾವಿರ ಅಂತ ಹೆದರಿಸಿದರೆ ‘ಕಡತ ಪರಿಶೀಲನೆಗೆ ಅವಕಾಶ ಕೊಡಿ’ ಅಂತ ಬರೆಯಿರಿ. ಮೊದಲ ಒಂದು ಗಂಟೆಗೆ ದುಡ್ಡಿಲ್ಲ. ಕೂತು ನೋಡಿ, ಟಿಪ್ಪಣಿ ಮಾಡಿಕೊಂಡು, ಬೇಕಾದ ಹತ್ತು ಪುಟ ಮಾತ್ರ ಕೇಳಿ.

ಎರಡು, ಫೋನು. ನನಗೂ ಬಂತು, ಇಪ್ಪತ್ತನೇ ದಿನದ ಹೊತ್ತಿಗೆ. ‘ಯಾಕಣ್ಣ ಇದೆಲ್ಲಾ? ಬನ್ನಿ, ಕೂತು ಮಾತಾಡಣ. ಏನ್ ಬೇಕೋ ನಾವೇ ಹೇಳ್ತೀವಿ.’ ದನಿಯಲ್ಲಿ ಗದರಿಕೆ ಇರಲಿಲ್ಲ, ಸುಮ್ನೆ ಸುಸ್ತು. ನಾನೂ ಮೆತ್ತಗೇ ಹೇಳಿದೆ: ‘ಮಾತು ಬೇಡ ಸರ್, ಕಾಗದದಲ್ಲೇ ಕೊಡಿ.’ ಜೋರು ಮಾಡಬೇಡಿ. ನಾಳೆ ಜ್ವರ ಬಂದರೆ ಅದೇ ಬಾಗಿಲಿಗೆ ಹೋಗಬೇಕಾದವರು ನಾವು.

ಮೂರು, ನಿರಾಕರಣೆ. ಈಗೀಗ ಜಾಸ್ತಿ ಕಾಣುವುದು ಸೆಕ್ಷನ್ 8(1)(ಜೆ), ವೈಯಕ್ತಿಕ ಮಾಹಿತಿ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಈ ಸೆಕ್ಷನ್ನನ್ನು ಬಿಗಿ ಮಾಡಿದೆ, 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಮೊದಲು ಅದೇ ಸೆಕ್ಷನ್ನಿನೊಳಗೆ ಸಾರ್ವಜನಿಕ ಹಿತದ ಮಾತಿತ್ತು, ಈಗ ಇಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಪೆಟ್ಟು. ಆದರೆ 8(2) ಉಳಿದಿದೆ: ಬಹಿರಂಗದಿಂದ ಆಗುವ ಸಾರ್ವಜನಿಕ ಹಿತ, ಮುಚ್ಚಿಡುವುದರಿಂದ ಉಳಿಯುವ ಹಿತಕ್ಕಿಂತ ಹೆಚ್ಚಿದ್ದರೆ ಕೊಡಬಹುದು. ಹಾಗಾಗಿ ಡಾಕ್ಟರೊಬ್ಬರ ರಜೆ ಚೀಟಿ ಕೇಳುವ ಬದಲು ಡ್ಯೂಟಿ ಪಟ್ಟಿ ಕೇಳಿ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಅಂತ ಕೇಳಿ. ಅದು ಯಾರೊಬ್ಬರ ವೈಯಕ್ತಿಕವೂ ಅಲ್ಲ.

ಉತ್ತರ ಬರಲಿಲ್ಲ ಅಂದರೆ

ನನ್ನ ಅರ್ಜಿ ತಲುಪಿದ್ದು ಜೂನ್ 25ಕ್ಕೆ. ಜುಲೈ 25 ಕಳೆಯಿತು, ಏನೂ ಇಲ್ಲ. ಅಲ್ಲಿಂದ 30 ದಿನದೊಳಗೆ, ಅಂದರೆ ಆಗಸ್ಟ್ 24ರೊಳಗೆ ಮೊದಲ ಮೇಲ್ಮನವಿ ಹಾಕಬೇಕಿತ್ತು. ಕಾಯುವ ಹುಮ್ಮಸ್ಸಿನಲ್ಲಿ ಈ ಎರಡನೇ 30 ದಿನವನ್ನು ಕಳೆದುಕೊಳ್ಳುವವರೇ ಜಾಸ್ತಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮೇಲ್ಮನವಿಗೆ ಶುಲ್ಕ ಇಲ್ಲ. ಅದೇ ಸಾಲಿನ ಮೇಲಿನ ಅಧಿಕಾರಿಗೆ ಸೆಕ್ಷನ್ 19(1)ರ ಕೆಳಗೆ ಬರೆಯಬೇಕು. ನಾನು ಬರೆದದ್ದು ಮೂರೇ ಸಾಲು: ಇಂಥ ದಿನ ಅರ್ಜಿ ತಲುಪಿದೆ, 30 ದಿನದಲ್ಲಿ ಉತ್ತರ ಬಂದಿಲ್ಲ, ಮಾಹಿತಿಯನ್ನು 7(6)ರ ಪ್ರಕಾರ ಉಚಿತವಾಗಿ ಕೊಡಿಸಿ. ಗಡುವು ಮೀರಿದ ಮೇಲೆ ಪುಟಕ್ಕೆ ದುಡ್ಡು ಕೇಳುವ ಹಾಗಿಲ್ಲ, ಇದು ನೆನಪಿರಲಿ. ಅವರು 30 ದಿನದಲ್ಲಿ, ಕಾರಣ ಬರೆದು ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ವಿಚಾರಣೆಗೆ ಕರೆದರು, ಹೋದೆ. ಹತ್ತು ನಿಮಿಷ. ‘ಕೊಟ್ಟುಬಿಡ್ರಪ್ಪ’ ಅಂದರು ಅಷ್ಟೇ.

ಅಲ್ಲೂ ಆಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗ ದಿನಕ್ಕೆ ₹250ರಂತೆ ₹25,000ದವರೆಗೆ ಮಾಹಿತಿ ಅಧಿಕಾರಿಗೆ ದಂಡ ಹಾಕಬಹುದು. ಒಂದು ಎಚ್ಚರ: ಸೆಕ್ಷನ್ 18ರ ದೂರು ಬೇರೆ, 19(3)ರ ಮೇಲ್ಮನವಿ ಬೇರೆ. 18ರಲ್ಲಿ ಹೋದರೆ ಆಯೋಗ ದಂಡ ಹಾಕಬಹುದು, ಮಾಹಿತಿ ಕೊಡಿ ಅಂತ ಆದೇಶಿಸಲು ಬರುವುದಿಲ್ಲ. ಇದೂ 2011ರ ಸುಪ್ರೀಂ ಕೋರ್ಟ್ ತೀರ್ಪು. ನಿಮಗೆ ಬೇಕಿರುವುದು ಕಾಗದವಾದರೆ 19(3) ಅಂತಲೇ ಬರೆಯಿರಿ.

ಕವರಿನಲ್ಲಿ ಬಂದದ್ದು

ಮೂವತ್ತೆಂಟು ಪುಟ. ಪ್ರತಿ ಪುಟಕ್ಕೂ ನೀಲಿ ಸೀಲು. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತರು. ದಾಸ್ತಾನು ವಹಿಯಲ್ಲಿ ಮೇ 29ರ ಸಾಲಿನಲ್ಲಿ ಉಳಿಕೆ ಕಾಲಂನಲ್ಲಿ ಒಂದು ಸೊನ್ನೆ. ಜೂನ್ 17ಕ್ಕೆ ಹೊಸ ಲಸಿಕೆ ಬಂದಿದೆ. ನಡುವೆ, ಜೂನ್ 12ಕ್ಕೆ, ಏನೂ ಇಲ್ಲ.

ಸಿಸ್ಟರ್ ಹೇಳಿದ್ದು ನಿಜ.

ಇಂಡೆಂಟ್ ಪುಟ ತೆಗೆದೆ. ಕಳಿಸಿದ ದಿನ ಜೂನ್ 9. ಅಂದರೆ ಸೊನ್ನೆಯಾದ ಮೇಲೆ ಹನ್ನೊಂದು ದಿನ ಯಾರೂ ಬರೆದೇ ಇಲ್ಲ. ವಹಿಯ ಕೆಳಗೆ ಸಹಿ ಮಾಡಿದವರು ಫಾರ್ಮಸಿ ಅಧಿಕಾರಿಯಲ್ಲ, ‘ಪ್ರಭಾರ’ ಅಂತ ಬರೆದು ಅದೇ ಸಿಸ್ಟರ್ ಸಹಿ ಹಾಕಿದ್ದರು. ಇಂಜೆಕ್ಷನ್ನೂ ಅವರೇ, ವಹಿಯೂ ಅವರೇ, ಇಂಡೆಂಟೂ ಅವರೇ.

‘ಆವಮ್ಮನ್ನ ಸುಮ್ಕೆ ಬೈದ್ನಲ್ಲೋ’ ಅಂದರು ಚಿಕ್ಕಪ್ಪ.

ಎರಡನೇ ಅರ್ಜಿಯನ್ನು ಅಂದೇ ಬರೆದೆ. ವಿಷಯ ಒಂದೇ ಸಾಲು: ನಮ್ಮ ಕೇಂದ್ರದ ಫಾರ್ಮಸಿ ಅಧಿಕಾರಿ ಹುದ್ದೆ ಖಾಲಿಯಾದ ದಿನಾಂಕ, ಮತ್ತು ಅದನ್ನು ತುಂಬಲು ನಡೆದ ಪತ್ರವ್ಯವಹಾರದ ದೃಢೀಕೃತ ನಕಲು. ಈ ಸಲ ವಿಳಾಸ ಆರೋಗ್ಯ ಕೇಂದ್ರದ್ದಲ್ಲ, ಜಿಲ್ಲಾ ಕಚೇರಿಯದು. ಪೋಸ್ಟಲ್ ಆರ್ಡರಿಗೆ ಹತ್ತು ರೂಪಾಯಿ ಚಿಕ್ಕಪ್ಪನೇ ಕೊಟ್ಟರು.